ತೊರೆಯಾಚೆಯ ತಿರುವು

ಇಪ್ಪತ್ತಾರು ವರ್ಷ ಕಲ್ಲು ಕುಟ್ಟಿದವಳನ್ನು ಆಫೀಸಿನವರು ಕಲ್ಲಕ್ಕ ಎನ್ನದೆ ಇನ್ನೇನನ್ನುತ್ತಾರೆ? ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಭೂಗರ್ಭ ಸರ್ವೆ ಆಫೀಸಿನಲ್ಲಿ ಅವಳ ಕೈ ತಾಗದ ನಕ್ಷೆ ಇರಲಿಲ್ಲ. ಅವಳ ಹೆಸರಿದ್ದ ನಕ್ಷೆಯೂ ಇರಲಿಲ್ಲ. ಬೆಟ್ಟ ಹತ್ತಿ ಅಳೆದು ಬರುವವಳು ಇವಳು, ಮೂಲೆಯ ಚೌಕದಲ್ಲಿ ಹೆಸರು ಮೇಲಿನವರದು. ಈ ಸಲ ಮಾತ್ರ, ಐವತ್ತೆರಡನೆಯ ವಯಸ್ಸಿನಲ್ಲಿ, ಆ ಚೌಕ ಅವಳದಾಗಲಿತ್ತು.

ಅದೂ ಸುಮ್ಮನೆ ಅಲ್ಲ. ಅವಳು ಒಂದು ತಿರುವು ಕಂಡುಹಿಡಿದಿದ್ದಳು.

ಎಂದೋ ಒಂದು ಬೆಟ್ಟಸಾಲಿನ ಬುಡದಲ್ಲಿ ಹೂತು, ಬೆಂದು, ಅಮುಕಿಸಿಕೊಂಡು ಹೊಸ ರೂಪ ತಳೆದ ಕಲ್ಲುಗಳವು. ಮೈತುಂಬ ಕಪ್ಪು ಬಿಳಿ ಪಟ್ಟೆ. ಪಟ್ಟೆ ಯಾವ ದಿಕ್ಕಿಗೆ ಓಡುತ್ತದೆಂದು ಕಂಪಾಸ್ ಹಿಡಿದು ಅಳೆಯುತ್ತ ಹೋದರೆ ಬೆಟ್ಟ ಎದ್ದ ಕಥೆ ಬಿಚ್ಚಿಕೊಳ್ಳುತ್ತದೆ. ತೊರೆಯ ಈಚೆ ದಂಡೆಯಲ್ಲಿ ಪಟ್ಟೆಗಳೆಲ್ಲ ನೇರ ಉತ್ತರಕ್ಕೆ ಓಡುತ್ತಿದ್ದವು. ತೊರೆ ದಾಟಿದ್ದೇ ತಡ, ಇಪ್ಪತ್ತು ಡಿಗ್ರಿ ಪೂರ್ವಕ್ಕೆ ವಾಲಿದ್ದವು. ಎರಡು ಬೇರೆ ಬೇರೆ ನೆಲಗಳು ಎಲ್ಲಿಂದಲೋ ಬಂದು ಡಿಕ್ಕಿ ಹೊಡೆದು ಇಲ್ಲೇ ಬೆಸೆದುಕೊಂಡಿವೆ ಎಂದು ಅವಳು ಬರೆದಳು. ಬಾಸ್ ಕುಣಿದಾಡಿಬಿಟ್ಟ.

ಎರಡೂ ದಂಡೆಯ ಕಲ್ಲು ವಯಸ್ಸು ತಿಳಿಯಲು ಲ್ಯಾಬಿಗೆ ಹೋಗಿತ್ತು. ಕಲ್ಲಿನೊಳಗೆ ಸಾಸಿವೆಗಿಂತ ಸಣ್ಣ ಜಿರ್ಕಾನ್ ಹರಳುಗಳಿರುತ್ತವೆ. ಹರಳಿನ ತಿರುಳು ಹುಟ್ಟಿದ ವಯಸ್ಸು ಹೇಳುತ್ತದೆ, ಮೇಲಿನ ಪದರ ಬೆಂದ ವಯಸ್ಸು. ಎರಡು ನೆಲಗಳಾದರೆ ತಿರುಳುಗಳ ವಯಸ್ಸಾದರೂ ಬೇರೆಯಾಗಬೇಕು. ಶನಿವಾರ ವರದಿ ಬಂತು. ಈಚೆ ದಂಡೆಯದು ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಹುಟ್ಟಿ ನೂರೆಂಬತ್ತು ಕೋಟಿ ವರ್ಷದ ಹಿಂದೆ ಬೆಂದದ್ದು. ಆಚೆ ದಂಡೆಯದೂ ಅಷ್ಟೇ, ಅವಳಿ ಮಕ್ಕಳ ಜಾತಕದ ಹಾಗೆ.

“ಚೀಲ ಗೊಂದಲ ಮಾಡಿಕೊಂಡಿದ್ದಾರೆ ಅತ್ತೆ,” ಎಂದಳು ಕಲ್ಲಕ್ಕ ಭಾನುವಾರ ಬೆಳಿಗ್ಗೆ, ಲ್ಯಾಬಿಗೆ ಖಾರವಾದ ಪತ್ರ ಬರೆಯುತ್ತ. “ಒಂದೇ ಕಲ್ಲನ್ನ ಎರಡು ಸಲ ನೋಡಿ ಕೈತೊಳೆದುಕೊಂಡಿದ್ದಾರೆ.”

“ಬೈಯೋದಾದ್ರೆ ಚೆನ್ನಾಗಿ ಬೈ,” ಎಂದರು ಅತ್ತೆ, ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತು. “ನನಗೂ ಹೋದ ತಿಂಗಳು ರಕ್ತದ ರಿಪೋರ್ಟು ಬೇರೆಯವರದ್ದು ಕೊಟ್ಟಿದ್ರು. ನಾಲ್ಕು ದಿನ ಆ ಪುಣ್ಯಾತ್ಮನ ಸಕ್ಕರೆ ಕಾಯಿಲೆ ನಾನು ಅನುಭವಿಸಿದೆ.”

ಹಾಗೆನ್ನುವಾಗಲೇ ಅವರ ಮೊಣಕೈ ತಾಗಿ ಗುಂಡುಸೂಜಿ ಡಬ್ಬಿ ಉರುಳಿತು.

“ಅಲ್ಲಾಡಬೇಡ! ಬರಿಗಾಲು!” ಎಂದು ಕೂಗಿ, ಅತ್ತೆ ಮೇಜಿನ ಮೇಲಿದ್ದ ಸೊಸೆಯ ಫೋನನ್ನು ಅದರ ಕೊರಳಪಟ್ಟಿಯ ಕವರಿನ ಸಮೇತ ಎತ್ತಿಕೊಂಡು, ಇಸ್ತ್ರಿ ಪೆಟ್ಟಿಗೆ ಆಡಿಸಿದಂತೆ ನೆಲದ ಮೇಲೆ ಆಡಿಸಿದರು. ಎತ್ತಿದರೆ ಕವರಿನ ಮುಚ್ಚಳದ ಮೇಲೆ ಮುಳ್ಳುಹಂದಿಯ ಹಾಗೆ ಸೂಜಿಯೋ ಸೂಜಿ.

“ಮೊಮ್ಮಗಳು ಒಳ್ಳೇ ವಸ್ತು ಕೊಡಿಸಿದ್ದಾಳೆ ನೋಡು. ಇದರಲ್ಲಿ ಅಯಸ್ಕಾಂತ ಇದೆ.”

ಕಲ್ಲಕ್ಕನ ಪೆನ್ನು ನಿಂತಿತು.

ಒಳಗೆ ಹೋಗಿ ಕಂಪಾಸ್ ತಂದಳು. ಮುಳ್ಳು ಉತ್ತರಕ್ಕೆ ಸ್ಥಿರವಾಗಿ ನಿಂತಿತು. ಕವರಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಯಾವಾಗಲೂ ಹಿಡಿಯುವಂತೆ ಎದೆಯ ಮುಂದೆ ಹಿಡಿದಳು. ಮುಳ್ಳು ಮೆಲ್ಲಗೆ ಮುಖ ತಿರುಗಿಸಿತು. ಲೆಕ್ಕ ಹಾಕಿದಳು. ಇಪ್ಪತ್ತು ಡಿಗ್ರಿ.

ತೊರೆ ದಾಟಿದ ದಿನ ಅವಳ ಹುಟ್ಟುಹಬ್ಬ. “ಬೆಟ್ಟಕ್ಕೆ ಹೋದ್ರೆ ಫೋನೇ ಎತ್ತಲ್ಲ ನೀನು, ಬ್ಯಾಗಿನಲ್ಲಿ ಹೂತಿಡ್ತೀಯ,” ಎಂದು ಮುನಿದ ಮಗಳು ಈ ಕವರನ್ನು ತಂದು ತಾನೇ ಕೊರಳಿಗೆ ಹಾಕಿದ್ದಳು. ಅಂದಿನಿಂದ ಆಚೆ ದಂಡೆಯ ನೂರ ನಲವತ್ತು ಕಲ್ಲು ಅಳೆಯುವಾಗಲೂ ಅದು ಎದೆಯ ಮೇಲೇ. ಅಳೆಯುವವಳೂ ಪ್ರತಿಸಲ ಪಟ್ಟೆಯ ಗುಂಟ ಒಂದೇ ಭಂಗಿಯಲ್ಲಿ ನಿಲ್ಲುವವಳು. ಹಾಗಾಗಿ ತಪ್ಪು ಕೂಡ ಒಂದೇ ಸಮ, ಅಚ್ಚುಕಟ್ಟು. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ, ಸುತ್ತಿಗೆಯನ್ನು ಎರಡು ಮಾರು ದೂರ ಇಟ್ಟು ಬಾ ಎಂದು ಎಷ್ಟು ಜನ ಹೊಸಬರನ್ನು ಗದರಿಸಿದ್ದಳೋ!

ಲ್ಯಾಬಿನವರು ಸರಿಯಾಗಿಯೇ ಇದ್ದರು. ತಿರುವು ಬೆಟ್ಟದಲ್ಲಿರಲಿಲ್ಲ, ಅವಳ ಕೊರಳಲ್ಲಿತ್ತು.

ನಕ್ಷೆ ಅಚ್ಚಿಗೆ ಹೋಗುವುದು ಗುರುವಾರ. ಆ ಚೌಕವನ್ನು ಎಷ್ಟು ಸಲ ಮನಸ್ಸಿನಲ್ಲೇ ಬರೆದಿದ್ದಳು, ಇನಿಷಿಯಲ್ ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ ಎಂದು. ಆ ದಂಡೆಗೆ ಮತ್ತೆ ಯಾರು ಹೋಗಿ ಅಳೆಯುತ್ತಾರೆ? ಚೀಲ ಗೊಂದಲವಾಯಿತು ಎಂದರೆ ಎಲ್ಲರೂ ನಂಬುತ್ತಾರೆ. ಪತ್ರ ಅರ್ಧ ಬರೆದೂ ಆಗಿದೆ. ಲ್ಯಾಬಿನ ಹುಡುಗಿ ಮಾತ್ರ ಬೈಸಿಕೊಳ್ಳುತ್ತಾಳೆ. ವರದಿಯ ಕೆಳಗೆ ಅವಳ ಸಹಿ ಇತ್ತು, ದುಂಡಗೆ, ಜೋಪಾನವಾಗಿ. ಮೊದಮೊದಲ ಸಹಿಗಳು ಹಾಗೇ ಇರುತ್ತವೆ.

“ಏನಾಯ್ತೇ? ಮುಖ ಯಾಕೆ ಹಾಗೆ?”

ಹೇಳಿದಳು. ಅತ್ತೆ ಒಂದೊಂದೇ ಸೂಜಿ ಬಿಡಿಸುತ್ತ ಕೇಳಿಸಿಕೊಂಡರು.

“ನೂರೆಂಬತ್ತು ಕೋಟಿ ವರ್ಷದಿಂದ ಬಿದ್ದಿರೋ ಕಲ್ಲು. ಇನ್ನೆರಡು ತಿಂಗಳು ಕಾದ್ರೆ ಸವೆದು ಹೋಗುತ್ತಾ?”

“ಕಲ್ಲು ಕಾಯುತ್ತೆ ಅತ್ತೆ. ನಾನು?”

“ನೀನೇನು ಗಾಜಾ?”

ಕಲ್ಲಕ್ಕ ಪತ್ರ ಹರಿದು ಬಾಸಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

“ಮೇಡಂ, ತಿರುವೇ ಇಲ್ಲದ ಮೇಲೆ ನಕ್ಷೆಯಲ್ಲಿ ಉಳಿಯೋದೇನು?”

“ಒಂದೇ ಬೆಟ್ಟಸಾಲು. ಉದ್ದಕ್ಕೆ.”

“ಅಷ್ಟೇನಾ?”

“ಅಷ್ಟೇ. ಮತ್ತೆ ಅಳೆದು ಬರ್ತೀನಿ.”

“ಬೇರೆಯವರನ್ನ ಕಳಿಸಲಾ?” ಎಂದು ಕೇಳಿದವನು ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡ. “ನೀವೇ ಹೋಗಿ. ಅಚ್ಚು ತಡೆಹಿಡೀತೀನಿ.”

ಮುಂದಿನ ವಾರ ತೊರೆಯ ಆಚೆ ದಂಡೆಯಲ್ಲಿ ನಿಂತು ಅವಳು ಕೈಗಡಿಯಾರವನ್ನೂ ಬಿಚ್ಚಿ ದೂರದ ಬಂಡೆಯ ಮೇಲಿಟ್ಟಳು. ಮುಳ್ಳು ಅಲ್ಲಾಡಿ, ನಿಂತಿತು. ನೇರ ಉತ್ತರ. ಎರಡನೆಯ ಕಲ್ಲೂ ಉತ್ತರ. ಬಗ್ಗಿ ನೋಡಿದರೆ ತಿಳಿನೀರಿನ ಕೆಳಗೆ ಅದೇ ಪಟ್ಟೆಗಳು ಈ ದಂಡೆಯಿಂದ ಆ ದಂಡೆಗೆ ಸಲೀಸಾಗಿ ದಾಟಿ ಹೋಗುತ್ತಿದ್ದವು. ಹೋದ ಸಲ ಮುಳ್ಳನ್ನು ನೋಡುವ ಭರದಲ್ಲಿ ಇವಳು ನೀರನ್ನೇ ನೋಡಿರಲಿಲ್ಲ. ನಗು ಬಂತು. ಅಷ್ಟು ದೊಡ್ಡ ಬೆಟ್ಟವನ್ನು ಒಡೆದು ಎರಡು ಮಾಡಲು ಹೊರಟಿದ್ದಳಲ್ಲ!

ಅಷ್ಟರಲ್ಲಿ ಬ್ಯಾಗಿನೊಳಗೆ ಹೂತಿದ್ದ ಫೋನು ಐದನೆಯ ಸಲ ಬಡಿದುಕೊಂಡಾಗ ಎತ್ತಿದಳು.

“ಅಮ್ಮಾ! ಕವರ್ ಹಾಕ್ಕೊಂಡಿಲ್ವಾ ಮತ್ತೆ?”

“ಅಜ್ಜಿ ಕಿತ್ತುಕೊಂಡಿದ್ದಾರೆ ಕಣೇ. ಸೂಜಿಗೆ ಅದೇ ಬೇಕಂತೆ. ನೀನು ಕೊಡಿಸಿದ್ದರಲ್ಲಿ ಅದರಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.”

“ಸರಿ, ಇನ್ನೂ ಎಷ್ಟು ಕಲ್ಲಿದೆ?”

“ನೂರ ಮೂವತ್ತೆಂಟು,” ಎಂದಳು ಕಲ್ಲಕ್ಕ, ಮೂರನೆಯದರ ಮೇಲಿನ ಒಣ ಎಲೆ ಒರೆಸುತ್ತ.