ಮೂರನೇ ತೊಟ್ಟಿಯ ನೀರು

ಬೀದಿಯವರು ಅವಳನ್ನು ಬಾಯಿಬಡುಕಿ ಎನ್ನುತ್ತಿದ್ದರು. ಅನ್ನಲಿ ಬಿಡಿ. ಅವಳು ಬಾಯಿ ಬಡಿದುಕೊಂಡದ್ದಕ್ಕೇ ಅಲ್ಲವೇ ಆ ಬೀದಿಯ ಬಾವಿ ಉಳಿದದ್ದು? ಮನೆಯ ಹಿಂದಿನ ಕಾರ್ಖಾನೆಯಲ್ಲಿ ಬೋಲ್ಟು, ಕೀಲು, ಕೊಂಡಿಗಳಿಗೆ ಸತುವಿನ ಲೇಪ ಹಾಕುತ್ತಿದ್ದರು. ಅಲ್ಲಿಂದ ಚರಂಡಿಗೆ ಬಿಡುತ್ತಿದ್ದ ನೀರು ಇಂಗಿ ಇಂಗಿ, ಬಾವಿಯ ನೀರು ಬೆರಳ ಸಂದಿಯಲ್ಲಿ ಸೋಪಿನಂತೆ ಜಾರುತ್ತಿತ್ತು. ಅವಳು ವರ್ಷವಿಡೀ ಕಂಡಕಂಡ ಕಚೇರಿಯ ಮೆಟ್ಟಿಲು ಸವೆಸಿ, ಕೊನೆಗೂ ಕಾರ್ಖಾನೆಯ ಹೊರಪೈಪಿಗೆ ಸೀಲು ಹಾಕಿಸಿದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ಜಾರಿಕೆ ಹೋಯಿತು. ಆ ಹೊಲಸೆಲ್ಲ ಈಗ ಎಲ್ಲಿಗೆ ಹೋಗುತ್ತಿದೆ ಎಂದು ಮಾತ್ರ ಅವಳು ಕೇಳಲಿಲ್ಲ.

ಅವಳ ಗಂಡ ಅದೇ ಕಾರ್ಖಾನೆಯ ಕೆಲಸಗಾರ. ಅಲ್ಲಿಯ ಮೇಸ್ತ್ರಿ ಅವಳ ಒಡಹುಟ್ಟಿದ ಅಣ್ಣ. ಗಂಡನೋ, ಭಾವ ಹಾಕಿದ ಗೆರೆ ದಾಟದ ಪ್ರಾಣಿ. ಮೂರು ಹೊತ್ತೂ ಭಾವ, ಭಾವ!

ಮೊದಲು ಮಾಲನ್ನು ಮೈ ಸುಡುವ ಕಾಸ್ಟಿಕ್ ಸೋಡಾದ ಕುದಿನೀರಿನಲ್ಲಿ ಅದ್ದಿ ಜಿಡ್ಡು ತೆಗೆಯಬೇಕು, ಆಮೇಲೆ ಸಾಲಾಗಿ ಮೂರು ತೊಟ್ಟಿಗಳ ನೀರಿನಲ್ಲಿ ಜಾಲಿಸಬೇಕು. ಮೊದಲನೆಯದು ಕದಡು, ಎರಡನೆಯದು ಪರವಾಗಿಲ್ಲ, ಮೂರನೆಯದು ತಳ ಕಾಣುವಷ್ಟು ತಿಳಿ. ಕಣ್ಣಿನ ರಕ್ಷಣೆಗೆ ಹಾಕಿದ ಕನ್ನಡಕ ಹಬೆಗೆ ಮಂಜಾದರೆ ಮೂರನೇ ತೊಟ್ಟಿಯಲ್ಲಿ ಅದ್ದಿ ಹಾಕಿಕೊಳ್ಳುವುದು, ಹನಿ ಸಿಡಿದರೆ ಅಲ್ಲಿಗೇ ಓಡುವುದು. ಇಪ್ಪತ್ತು ವರ್ಷದ ರೂಢಿ ಅದು. ಹೀಗೆ ಕನ್ನಡಕ ಕಳಚಿ ಅದ್ದುತ್ತಿದ್ದಾಗಲೇ ಗಂಡನ ಎಡಗಣ್ಣಿಗೆ ಕಾಸ್ಟಿಕ್ ಹನಿ ಬಿತ್ತು. ಅಲ್ಲೇ ತೊಳೆದುಕೊಂಡ. ಮರುದಿನ ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು.

"ಒಳ್ಳೇ ನೀರಲ್ಲಿ ತೊಳೆದಿದ್ರೆ ಇಷ್ಟು ಕೆಡ್ತಿರ್ಲಿಲ್ಲ," ಎಂದರು ಡಾಕ್ಟರು. "ಈ ಕಣ್ಣು ಹೋಯ್ತು. ಇನ್ನೊಂದನ್ನ ಕಾಪಾಡ್ಕೊಳ್ಳಿ."

ಅಣ್ಣ ಮನೆಗೆ ಬಂದು ಬುದ್ಧಿ ಹೇಳಿದ. "ನೀನು ಸರಿಯಾಗಿ ತೊಳ್ಕೊಳ್ಳಲಿಲ್ಲ ಕಣೋ. ಮುಂದಿನ ಸಲ ಇನ್ನೂ ಸ್ವಲ್ಪ ಹೊತ್ತು ತೊಳ್ಕೋ."

"ಹೂಂ ಭಾವ," ಎಂದ ಗಂಡ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲವಂತೆ, ಮುಂದಿನ ಸಲ! ಇವನಿಗೇನು ಹತ್ತು ಕಣ್ಣಿವೆಯೇ?

ತಿಂಗಳು ತುಂಬುವ ಮೊದಲೇ ಗಂಡ ಕೆಲಸಕ್ಕೆ ಹೊರಟ. ಬೇಡವೆಂದಳು, ಬೈದಳು, ಬಾಗಿಲಿಗೆ ಅಡ್ಡ ನಿಂತಳು. "ಭಾವ ಇದ್ದಾರಲ್ಲ, ಏನೂ ಆಗಲ್ಲ," ಎಂದು ಅವಳ ಕೈ ಸರಿಸಿ ಹೋದ. ಅವಳು ಸೆರಗು ಬಿಗಿದು ಹಿಂದೆಯೇ ನಡೆದಳು. ಕಾವಲುಗಾರ ತಡೆಯಲು ಬಂದವನು ಅವಳ ಮುಖ ನೋಡಿ ದಾರಿ ಬಿಟ್ಟ.

ಒಳಗೆ ಗಂಡ ಆಗಲೇ ಕನ್ನಡಕವನ್ನು ಮೂರನೇ ತೊಟ್ಟಿಗೆ ಅದ್ದಲು ಬಗ್ಗಿದ್ದ. ಅವಳು ಅವನ ರಟ್ಟೆ ಹಿಡಿದು ಎಳೆದು, ತಾನೇ ನೀರಿಗೆ ಕೈ ಹಾಕಿದಳು. ತಿಳಿಯಾದ ನೀರು. ಬೆರಳಿಗೆ ಬೆರಳು ಉಜ್ಜಿದಳು. ಜಾರಿತು. ಹಾಳಾದ ಅದೇ ಜಾರಿಕೆ! ತೊಟ್ಟಿಯ ಹಿಂದೆ ಹೊಸ ಪೈಪು ಕಂಡಿತು. ಮೊದಲನೇ ತೊಟ್ಟಿಯಿಂದ ತುಂಬಿ ಹರಿದದ್ದು ಬಟ್ಟೆಯ ಸೋಸುಚೀಲದೊಳಗೆ ಹಾದು ಮತ್ತೆ ಇಲ್ಲಿಗೇ ಬಂದು ಬೀಳುತ್ತಿತ್ತು. ಕದಡು ಸೋಸಿತ್ತು, ಕಾಸ್ಟಿಕ್ ಹಾಗೇ ಇತ್ತು.

"ಏಯ್, ಇಲ್ಲೇನ್ ಕೆಲ್ಸ ನಿಂಗೆ?" ಅಣ್ಣ ಅಬ್ಬರಿಸುತ್ತ ಬಂದ.

"ಇದು ಒಳ್ಳೇ ನೀರಾ?"

"ಮತ್ತಿನ್ನೇನು? ಕಣ್ಣು ಕಾಣ್ಸಲ್ವಾ? ಕುಡಿಬೋದು, ಅಷ್ಟು ಚೊಕ್ಕ. ನಡಿ ಮನೆಗೆ."

ಅವಳು ತೊಟ್ಟಿಯ ಅಂಚಿನಲ್ಲಿದ್ದ ಮಗ್ಗು ತುಂಬಿ, ಅವನ ಮುಖಕ್ಕೆ ಎರಚಲು ಕೈ ಎತ್ತಿದಳು.

"ಕಣ್ಣಿಗೆ ಬೇಡ ಕಣೇ!" ಎಂದು ಅಣ್ಣ ಕಿರುಚಿ, ಎರಡೂ ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತ. ಶೆಡ್ಡಿನಲ್ಲಿದ್ದವರ ಕೈಗಳೆಲ್ಲ ನಿಂತವು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ನಮ್ಮ ಮೇಸ್ತ್ರಿ," ಎಂದಳು ಪಾಲಿಶ್ ಮಾಡುವ ಮುದುಕಿ.

ಅವಳು ಎರಚಲಿಲ್ಲ. ನೀರನ್ನು ತೊಟ್ಟಿಗೇ ಸುರಿದಳು. "ಗೊತ್ತಿತ್ತು ನಿಂಗೆ. ಥೂ, ನಿನ್ನ ಜನ್ಮಕ್ಕಿಷ್ಟು! ತಂಗಿ ಗಂಡ ಕಣೋ ಅವನು!"

ಅಣ್ಣ ಕೈ ಇಳಿಸಿದ. ಮುಖ ಕೆಂಪೇರಿತ್ತು. "ಹೊರಪೈಪಿಗೆ ಸೀಲು ಹಾಕ್ಸಿದ್ಯಾರು? ನೀನು! ಆ ನೀರನ್ನೇನು ತಲೆ ಮೇಲೆ ಹೊತ್ಕೊಂಡ್ ಓಡಾಡ್ಲಾ? ಯಜಮಾನ್ರು ಒಳಗೇ ತಿರುಗಿಸು ಅಂದ್ರು, ರಜಾ ದಿನ ನಾನೇ ಪೈಪು ಜೋಡಿಸ್ದೆ."

"ನನ್ನ ಗಂಡನಿಗೊಂದು ಮಾತು ಹೇಳೋಕೇನಾಗಿತ್ತು?"

"ಇವನಿಗೆ ಹೇಳಿದ್ರೆ ನಿಂಗೆ ಹೇಳ್ದಂಗೆ. ನಿಂಗೆ ಹೇಳಿದ್ರೆ ಊರಿಗೇ ಹೇಳ್ದಂಗೆ!"

ಅವಳು ಮಗ್ಗನ್ನು ತೊಟ್ಟಿಯ ಅಂಚಿಗೆ ಕುಕ್ಕಿದಳು. ಎದೆಗೇ ನಾಟಿತ್ತು ಅದು. ತನ್ನ ಬಾಯಿಗೆ ಹೆದರಿ ತನ್ನ ಗಂಡನ ಕಣ್ಣು ತೆಗೆದಿದ್ದರು.

ಗಂಡ ಎಡಗಡೆಯಿದ್ದ ಭಾವ ಕಾಣಲೆಂದು ಇಡೀ ಮೈ ತಿರುಗಿಸಿ ನಿಂತ. ಅವನಿಗೆ ಸಿಟ್ಟು ಮಾಡಲೂ ಬರುತ್ತಿರಲಿಲ್ಲ.

"ಹತ್ತು ನಿಮಿಷ ತೊಳ್ಕೊಂಡೆ ಭಾವ," ಎಂದ. "ಕಣ್ಣು ಬಿಡು, ಅಗಲ ಬಿಡು ಅಂತ ನೀವೇ ಇದೇ ನೀರನ್ನ ಮಗ್ಗಲ್ಲಿ ಹುಯ್ದ್ರಿ."