ತಿರುವಿನಲ್ಲಿ ಬರೆದ ಹೆಸರು

ಪೇಂಟಿನ ವಾಸನೆ ಇನ್ನೂ ಹೋಗಿಲ್ಲ, ನಿನ್ನೆ ಸಂಜೆ ಬಳಿದಿರಬೇಕು, ಈ ಸಲ ಎರಡು ಕೈ ಬಳಿದ ಹಾಗಿದೆ — ಸೈಕಲ್ಲಿನಿಂದ ಇಳಿಯುವ ಮೊದಲೇ ಅದು ಸಾಧನಾಳ ಮೂಗಿಗೆ ಬಂತು, ಕಣ್ಣು ಆ ಕಡೆ ಹೋಗದ ಹಾಗೆ ತಲೆ ತಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ನಿಂತಳು, ಬೇಡ, ಈಗಲೇ ನೋಡುವುದು ಬೇಡ, ಹಿಂದಿನವರೆಲ್ಲ ಬಂದು ಮುಟ್ಟಲಿ. ಬರುತ್ತಿದ್ದಾರೆ, ಒಬ್ಬೊಬ್ಬರೇ, ನಾಲಿಗೆ ಹೊರಗೆ ಹಾಕಿಕೊಂಡು, ನಿನ್ನೆ ಮೂಡುಬಿದಿರೆಯಲ್ಲಿ ಹೊರಟಾಗ ಇದ್ದ ಹಾಡು ಹರಟೆ ಬೆಳ್ತಂಗಡಿ ದಾಟುವಾಗಲೇ ನಿಂತಿತ್ತು, ಚಾರ್ಮಾಡಿಯ ಏರು ಶುರುವಾದ ಮೇಲೆ ದೇವರ ಹೆಸರೊಂದೇ ಉಳಿದದ್ದು, ಪಾಪ, ಊರಿನಲ್ಲಿ ಲಿಫ್ಟಿಲ್ಲದೆ ಮಹಡಿ ಹತ್ತದವರು ರಜೆ ಹಾಕಿ ಬಂದು ಘಾಟಿ ಹತ್ತುತ್ತಾರೆ, ಯಾಕೆಂದರೆ ಮೇಲಿನಿಂದ ಸೈಕಲ್ ರೇಸಿನವರು ಇಳಿದು ಬರುವುದನ್ನು ಈ ತಿರುವಿನಲ್ಲಿ ಕೂತು ನೋಡಬೇಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ, ಅಷ್ಟಕ್ಕೇ ಇಷ್ಟು ಬೆವರು, ಅವರನ್ನು ಕರೆತಂದು ತೋರಿಸುವುದೇ ಅವಳ ಹೊಟ್ಟೆಪಾಡು. ಬನ್ನಿ ಸಾಧನಕ್ಕ, ಚಾ ಕುದಿಯುತ್ತಾ ಉಂಟು, ಮೊದಲು ಇದನ್ನು ನೋಡಿ, ಹೇಗೆ ಬಂದಿದೆ ಹೇಳಿ — ಚನಿಯಪ್ಪ, ಗೂಡಂಗಡಿಯಿಂದ ಹೊರಗೆ ಬಂದವನ ಉಗುರಿನಲ್ಲೆಲ್ಲ ಬಿಳಿ, ಬೆವರೊರೆಸುವ ಹೆಗಲ ಬೈರಾಸಿನಲ್ಲೂ ಬಿಳಿ, ಮುಖದಲ್ಲಿ ಮದುವೆ ಮನೆಯ ಯಜಮಾನನ ಕಳೆ. ನೋಡಲೇಬೇಕಾಯಿತು. ಸಮ್ಮೇದ. ರಸ್ತೆಯ ಅರ್ಧಕ್ಕೆ ಚಾಚಿಕೊಂಡು, ತಿರುವಿನ ಒಳಮಗ್ಗುಲಿನಲ್ಲಿ, ಒಂದೊಂದು ಅಕ್ಷರ ಚಾಪೆಯಷ್ಟು ಅಗಲ, ರಸ್ತೆ ಬಂದ್ ಆದ ಮೇಲೆ ಯಾರೂ ತುಳಿಯದಿರಲಿ ಅಂತ ಸುತ್ತ ಕಲ್ಲು ಇಟ್ಟಿದ್ದಾನೆ, ರೇಸಿನವರು ಬರುವಾಗ ತೆಗೀತೇನೆ ಅಕ್ಕ ಎನ್ನುತ್ತಾನೆ, ಮೊದಲ ಅಕ್ಷರದ ಹತ್ತಿರ ಒಂದು ಕೆಂಪು ದಾಸವಾಳ. ಚೆಂದ ಬಂದಿದೆ ಚನಿಯಪ್ಪಣ್ಣ, ಅಂದಳು, ಬೇರೆ ಏನು ಹೇಳುವುದು.

ಸಮ್ಮೇದ ಅಂದ್ರೆ ಯಾರು ಮೇಡಂ, ಇವತ್ತು ರೇಸಲ್ಲಿ ಇದ್ದಾರಾ — ಮೈಸೂರಿನ ಹುಡುಗಿ ಪ್ರಾಪ್ತಿ, ಗುಂಪಿನಲ್ಲಿ ಎಲ್ಲರಿಗಿಂತ ಚುರುಕು, ಫೋನು ಆಗಲೇ ಕೈಯಲ್ಲಿ. ನನ್ನ ಗಂಡ, ಇದೇ ತಿರುವಿನಲ್ಲಿ ಬಿದ್ದು ತೀರಿಕೊಂಡರು, ಎರಡು ವರ್ಷ ಆಯಿತು. ಇಷ್ಟನ್ನು ಹೇಳುವುದು ಈಗ ಅಭ್ಯಾಸವಾಗಿದೆ. ಹುಡುಗಿಯ ಮುಖ ಸಣ್ಣದಾಯಿತು, ಅಯ್ಯೋ ಸಾರಿ ಮೇಡಂ, ಎಷ್ಟು ಒಳ್ಳೆಯವರು ಈ ಅಜ್ಜ, ಇನ್ನೂ ಹೆಸರು ಬರೀತಾರಲ್ಲ. ಹೌದು, ಒಳ್ಳೆಯವನು, ಅದೇ ತೊಂದರೆ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಈ ಹೆಸರಿನ ಹುಚ್ಚು ಹಿಡಿಸಿದ್ದು ಸಮ್ಮೇದನೇ ಅಲ್ಲವಾ, ಪಾಣೆಮಂಗಳೂರಿನಲ್ಲಿ ಯಾರದೋ ಹಳೆಯ ಸೈಕಲ್ಲು ಹಿಡಿದು ನೇತ್ರಾವತಿಯ ಸೇತುವೆಯ ಮೇಲೆ ಗಾಳಿಗೆ ಎದುರಾಗಿ ತುಳಿದು ಕಲಿತವನು, ಕಡೆಗೆ ಸಂಬಳ ಕೊಡುವ ತಂಡವನ್ನೇ ಸೇರಿದವನು, ಅಭ್ಯಾಸಕ್ಕೆ ಘಾಟಿ ಹತ್ತಿದಾಗೆಲ್ಲ ಇದೇ ಗೂಡಂಗಡಿಯ ಚಾ, ಚಾದ ಜೊತೆ ಫೋನಿನಲ್ಲಿ ಪರದೇಶದ ಬೆಟ್ಟದ ರೇಸು, ನೋಡಿ ಚನಿಯಪ್ಪಣ್ಣ, ಅಲ್ಲಿ ಜನ ರಸ್ತೆ ಮೇಲೆಲ್ಲ ಹೆಸರು ಬರೀತಾರೆ, ನಮ್ಮದನ್ನು ಯಾರು ಬರೀತಾರೆ ಮಾರಾಯ್ರೆ — ಯಾಕೆ, ನಾನು ಬರೀತೇನೆ ಸಮ್ಮೇದಣ್ಣ, ಬಾಗಿಲಿಗೆ ಬಳಿದು ಉಳಿದ ಪೇಂಟು ಉಂಟಲ್ಲ. ಬರೆದ. ಇಳಿದು ಬರುವಾಗ ಸರಿಯಾಗಿ ಕಣ್ಣಿಗೆ ಬೀಳಬೇಕು ಅಂತ, ಸಮ್ಮೇದನ ಚಕ್ರ ದಿನಾ ಹಾಯುವ ಜಾಗವನ್ನೇ ಹುಡುಕಿ ಬರೆದ. ರೇಸಿನ ದಿನ ಕಾಲವಲ್ಲದ ಕಾಲದ ಮಳೆ, ಜೋರಲ್ಲ, ಹನಿ ಹನಿ, ಅವಳು ಇಲ್ಲೇ ನಿಂತಿದ್ದಳು, ಅತಿಥಿಗಳ ನಡುವೆ, ಚಪ್ಪಾಳೆಗೆ ಕೈ ಎತ್ತಿಕೊಂಡು, ಅವನ ತಂಡದ ನೀಲಿ ಅಂಗಿ ಕಂಡಿತು, ಅವನು ಹೆಸರು ನೋಡಿದ, ನಕ್ಕ — ನಕ್ಕದ್ದು ನಿಜ, ಹಲ್ಲು ಕಂಡಿತು — ಮುಂದಿನ ಚಕ್ರ ಬಿಳಿಯ ಮೇಲೆ ಬಂತು, ಬಾಳೆಹಣ್ಣಿನ ಸಿಪ್ಪೆ ಮೆಟ್ಟಿದ ಹಾಗೆ, ಸೈಕಲ್ಲು ಒಂದು ಕಡೆ ಅವನು ಒಂದು ಕಡೆ, ಆಮೇಲೆ ತಡೆಗೋಡೆಯ ಕಲ್ಲು, ಆ ಸದ್ದು, ಬೇಡ. ಚನಿಯಪ್ಪ ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಬೈರಾಸು ಒತ್ತಿ ಹಿಡಿದಿದ್ದ, ಸಮ್ಮೇದಣ್ಣ ಕಣ್ಣು ಬಿಡಿ, ಕಣ್ಣು ಬಿಡಿ. ಮಳೆ ರಕ್ತವನ್ನೆಲ್ಲ ತೊಳೆಯಿತು. ತೊಳೆಯದೆ ಉಳಿದದ್ದು ಬಿಳಿ ಅಕ್ಷರದ ಮೇಲೆ ಓರೆಯಾಗಿ ಒಂದು ಕಪ್ಪು ಗೆರೆ, ಟಯರು ಜಾರಿದ ಗೆರೆ, ತಪ್ಪು ಬರೆದದ್ದನ್ನು ಮೇಷ್ಟ್ರು ಹೊಡೆದುಹಾಕಿದ ಹಾಗೆ. ಅದನ್ನು ನೋಡಿದ್ದು ಅವಳೊಬ್ಬಳೇ.

ಸ್ಪೀಡು ಅಂದರು, ಮಂಜು ಅಂದರು, ಬ್ರೇಕು ಅಂದರು, ಆಯುಷ್ಯ ಇದ್ದದ್ದೇ ಅಷ್ಟು ಅಂದರು ವೇಣೂರಿನ ಮನೆಗೆ ಬಂದು ಕೂತವರು, ಯಾರೂ ಪೇಂಟು ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಮರುವರ್ಷ ಬಂದಾಗ ಚನಿಯಪ್ಪ ಗೆರೆಯ ಮೇಲೆಯೇ ಹೊಸತು ಬಳಿದಿದ್ದ, ಕಪ್ಪು ಕಾಣುತ್ತಿರಲಿಲ್ಲ, ಬಿಸಿಲಿತ್ತು, ರಸ್ತೆ ಒಣಗಿತ್ತು, ರೇಸು ಹೋಯಿತು, ಯಾರಿಗೂ ಏನೂ ಆಗಲಿಲ್ಲ, ಅವಳು ಕಣ್ಣು ಮುಚ್ಚಿ ನಿಂತಿದ್ದಳು, ಬರುವ ವರ್ಷ ಮರೆಯುತ್ತಾನೆ, ವಯಸ್ಸಾಯಿತಲ್ಲ ಅಂದುಕೊಂಡಳು. ಮರೆಯುವುದುಂಟಾ. ನಿನ್ನೆ ವೇಣೂರಿನಲ್ಲಿ ಅತ್ತೆ ಪ್ರಭಾವತಿ — ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು ಅವರಿಗೆ, ಸೈಕಲ್ಲಿನ ಅತಿಥಿಗಳಿಗೂ ಅದೇ ನಿಯಮ — ಬಡಿಸುತ್ತ ಬಡಿಸುತ್ತ ಕೇಳಿದರು, ಅವನ ಹೆಸರು ಈ ವರ್ಷವೂ ಉಂಟಾ ಅಲ್ಲಿ, ಫೋಟೊ ತೆಗೆದುಕೊಂಡು ಬಾ ಸಾಧನಾ, ಆ ಚನಿಯಪ್ಪನಿಗೆ ಹೇಳು, ಊರೆಲ್ಲ ಮರೆತರೂ ಅವನು ಮರೆಯಲಿಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಕಳೆದ ವರ್ಷದ ಫೋಟೊ ಚಾವಡಿಯ ಗೋಡೆಯಲ್ಲಿದೆ, ಕಪ್ಪು ರಸ್ತೆ, ಬಿಳಿ ಅಕ್ಷರ, ಅತ್ತೆ ಅದಕ್ಕೆ ಹೂ ಇಡುತ್ತಾರೆ, ಹೂವಿನ ಕೆಳಗೆ ಸಾಧನಾಳಿಗೆ ಮಾತ್ರ ಆ ಗೆರೆ ಕಾಣುತ್ತದೆ, ಫೋಟೊದಲ್ಲಿ ಇಲ್ಲದ ಗೆರೆ.

ಹನಿ. ಮೊಣಕೈ ಮೇಲೊಂದು, ಚಾದ ಗ್ಲಾಸಿನಲ್ಲೊಂದು. ಬೆಳಿಗ್ಗೆ ಆಕಾಶ ಚೊಕ್ಕವಿತ್ತಲ್ಲ, ಎಲ್ಲಿತ್ತು ಇದು, ಇವತ್ತೇ ಬರಬೇಕಾ, ಎಂಥ ಮಳೆ ಮಾರಾಯ್ರೆ ಇದು ಎನ್ನುತ್ತ ಚನಿಯಪ್ಪ ಒಂದೊಂದೇ ಕಲ್ಲು ಎತ್ತಿ ಬದಿಗಿಡುತ್ತಿದ್ದಾನೆ, ಬಿಳಿ ಹೊಳೆಯತೊಡಗಿದೆ, ಇದು ಬಾಗಿಲಿನ ಪೇಂಟು, ನೀರು ಬಿದ್ದರೆ ಎಣ್ಣೆ ಚೆಲ್ಲಿದ ಹಾಗೆ. ಮಣ್ಣು ಹಾಕುವುದಾ, ಕೆಸರಾಗುತ್ತದೆ, ಕೆಸರು ಇನ್ನೂ ಜಾರುತ್ತದೆ, ಗೋಣಿ ಹಾಸುವುದಾ, ಚಕ್ರಕ್ಕೆ ಸುತ್ತಿಕೊಂಡರೆ, ರೇಸಿನವರಿಗೆ ಫೋನು ಮಾಡುವ ಅಂದರೆ ಇಲ್ಲಿ ನೆಟ್‌ವರ್ಕ್ ಇಲ್ಲ, ಹೋದ ವರ್ಷವೇ ಅವರಿಗೆ ಹೇಳಬೇಕಿತ್ತು, ಹೇಳಿದ್ದರೆ ಯಾಕೆ ಅಂತ ಕೇಳುತ್ತಿದ್ದರು, ಆ ಮಾತು ಸುತ್ತಿ ಬಳಸಿ ಈ ಗೂಡಂಗಡಿಗೇ ಬರುತ್ತಿತ್ತು. ಚನಿಯಪ್ಪನಿಗೆ ಹೇಳುವುದಾ, ಏನಂತ, ನೀವು ಪ್ರೀತಿಯಿಂದ ಬರೆದ ಅಕ್ಷರವೇ ಅವನನ್ನು ಕೆಡವಿತು ಅಂತಲಾ, ಆ ಬೈರಾಸು ಒತ್ತಿ ಹಿಡಿದ ಕೈಗೆ ಹೇಳುವ ಮಾತಾ ಅದು, ಈ ಮುದುಕ ಆಮೇಲೆ ಉಳಿಯುವುದಿಲ್ಲ, ಉಳಿದರೂ ಮನುಷ್ಯನಾಗಿ ಉಳಿಯುವುದಿಲ್ಲ. ಹೇಳದಿದ್ದರೆ ಮೇಲಿನಿಂದ ಇಳಿದು ಬರುತ್ತಿರುವ ಯಾರದೋ ಮಗ, ಯಾರದೋ ಗಂಡ, ಅವನ ಹೆಸರು ಕೂಡ ಅವಳಿಗೆ ಗೊತ್ತಿಲ್ಲ, ಬಿಳಿಯ ಮೇಲೆ ಅವನದೊಂದು ಗೆರೆ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ರೇಸಿನ ಮುಂದೆ ಬರುವ ಗಾಡಿಯ ಸೈರನ್ ಕೇಳಿಸಿತು.

ಬಂದ್ರು ಬಂದ್ರು, ಪ್ರಾಪ್ತಿಯ ಫೋನು ಮೇಲೆದ್ದಿದೆ, ಎಲ್ಲರೂ ರಸ್ತೆಯ ಅಂಚಿಗೆ, ಸಾಧನಾಳ ಕೈ ತಾನಾಗಿಯೇ ಚೀಲಕ್ಕೆ ಹೋಯಿತು, ಅತಿಥಿಗಳನ್ನು ರಸ್ತೆ ದಾಟಿಸುವಾಗ ಹಿಡಿಯುವ ಹಳದಿ ಬಾವುಟ, ಸೀಟಿ, ರೇಸಿನಲ್ಲಿ ಅಡ್ಡ ಏನಾದರೂ ಇದ್ದಲ್ಲಿ ಹೀಗೆಯೇ ನಿಲ್ಲುತ್ತಾರೆ, ಮನುಷ್ಯನನ್ನು ಕಂಡರೆ ಸೈಕಲ್ಲು ಬಳಸಿಕೊಂಡು ಹೋಗುತ್ತದೆ, ಅಕ್ಷರವನ್ನು ಬಳಸಿಕೊಂಡು ಯಾರೂ ಹೋಗುವುದಿಲ್ಲ. ಕಾಗದಕ್ಕೆ ಕಾಲು ತಗಲಿದರೆ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಅಕ್ಷರದ ಮೇಲೆ ಕಾಲಿಟ್ಟಳು. ಪೆಡಲಿಗೆ ಸಿಕ್ಕಿಸುವ, ಬೂಟಿನ ತಳದ ಲೋಹ ಬಿಳಿಯ ಮೇಲೆ ಸರಕ್ಕನೆ ಜಾರಿತು, ಬೀಳಲಿಲ್ಲ, ಕಾಲು ಅಗಲಿಸಿ ನಿಂತಳು, ಒಂದು ಕಾಲಿನಡಿ ಒಂದು ಅಕ್ಷರ, ಇನ್ನೊಂದರ ಅಡಿ ಇನ್ನೊಂದು, ದಾಸವಾಳ ಎಲ್ಲೋ ಬೂಟಿಗೆ ಸಿಕ್ಕಿತು. ಅಕ್ಕಾ! ಕಾಲು! ಅವರ ಹೆಸರಿನ ಮೇಲೆ ಕಾಲು! — ಚನಿಯಪ್ಪ, ಇಂಥ ಸ್ವರ ಅವನದೆಂದು ಅವಳಿಗೆ ಗೊತ್ತೇ ಇರಲಿಲ್ಲ — ಇಳಿಯಿರಿ ಅಕ್ಕ, ನಿಮಗೆ ಎಂಥ ಆಯಿತು, ಅವರು ನಿಮಗೆ ಬೇಡವಾದರಾ. ಹೌದು ಬೇಡ, ನೀವು ಆಚೆ ಹೋಗಿ, ಅಂದಳು, ತಿರುಗಿ ನೋಡದೆ, ಹಾಗೆಯೇ ಅಂದುಕೊಳ್ಳಲಿ, ಗಂಡನ ಹೆಸರನ್ನು ಬೂಟುಗಾಲಿನಲ್ಲಿ ಮೆಟ್ಟಿದವಳು, ಪ್ರಾಪ್ತಿಯ ವಿಡಿಯೊ ನಾಳೆ ವೇಣೂರಿಗೂ ಹೋಗಲಿ, ಅತ್ತೆ ನೋಡಲಿ, ಆಗಲಿ, ಈ ಮುದುಕನಿಗೆ ಗೊತ್ತಾಗದಿದ್ದರೆ ಸಾಕು. ಸೀಟಿ ಊದಿದಳು. ಬಂದರು, ಜೇನು ಎದ್ದ ಹಾಗೆ ಒಂದು ಸದ್ದು, ಹಳದಿ ಕಂಡು ಹೊರಮಗ್ಗುಲಿಗೆ ವಾಲಿದರು, ಗಾಳಿ ಕೆನ್ನೆಗೆ ಹೊಡೆಯಿತು, ನೀಲಿ, ಕೆಂಪು, ಮತ್ತೆ ನೀಲಿ, ಆ ನೀಲಿಯ ಹಿಂದೆಯೇ ಕಣ್ಣು ಹೋಯಿತು, ಅವನಲ್ಲ, ಅವನು ಹೇಗಾದಾನು, ಹೋದರು. ಒಬ್ಬರೂ ಬೀಳದೆ ಹೋದರು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬಾವುಟ ಇಳಿಸಿದ್ದಳು, ಆಗ ಬಂದ ಒಬ್ಬ, ಹಿಂದೆ ಉಳಿದವನು, ಮುಂದಿನವರನ್ನು ಹಿಡಿಯುವ ಅವಸರದಲ್ಲಿ ತಲೆ ತಗ್ಗಿಸಿ, ಅವಳನ್ನು ಕಂಡದ್ದೇ ತಡವಾಗಿ, ಒಳಗಡೆಯಿಂದಲೇ ತೂರಿದ, ಅವಳ ಕಾಲಿಗೂ ಗುಡ್ಡಕ್ಕೂ ನಡುವೆ, ಹಿಂದಿನ ಚಕ್ರ ಕೊನೆಯ ಅಕ್ಷರದ ತುದಿಯನ್ನು ಮುಟ್ಟಿತು, ಜಾರಿತು — ಯಾರೋ ಕಿರುಚಿದರು, ಅವಳೇ ಇರಬೇಕು — ಅವನು ಕಾಲು ಚಾಚಿ ನೆಲಕ್ಕೆ ಒದ್ದ, ಸೈಕಲ್ಲು ಮೀನಿನ ಹಾಗೆ ಕೊಸರಿತು, ನೆಟ್ಟಗಾಯಿತು, ಏನೋ ಬೈದು ಮುಂದಿನ ತಿರುವಿನಲ್ಲಿ ಮರೆಯಾದ. ಬದುಕಿದ. ಅಲ್ಲೇ ಕೂರಬೇಕೆನಿಸಿತು, ಕೂರಲು ಜಾಗವೆಲ್ಲಿ, ಕೆಳಗೆಲ್ಲ ಸಮ್ಮೇದನ ಹೆಸರು. ಚನಿಯಪ್ಪಣ್ಣ, ಅಂತ ತಿರುಗಿದಳು, ಬೈದರೆ ಬೈಯಲಿ, ಅವನು ಬೈಯಲಿಲ್ಲ, ಅವಳ ಕಾಲನ್ನೂ ನೋಡುತ್ತಿರಲಿಲ್ಲ. ಕೊನೆಯ ಅಕ್ಷರದ ಮೇಲೆ ಈಗಷ್ಟೇ ಬಿದ್ದ ಟಯರಿನ ಗುರುತನ್ನು ನೋಡುತ್ತಿದ್ದ. ಅಲ್ಲಿಂದ ತಡೆಗೋಡೆಯ ಕಲ್ಲನ್ನು ನೋಡಿದ, ಮತ್ತೆ ಅಕ್ಷರ, ಮತ್ತೆ ಕಲ್ಲು, ಹೆಗಲಿನಿಂದ ಬೈರಾಸು ತೆಗೆದು ಕುಕ್ಕರುಗಾಲಿನಲ್ಲಿ ಕೂತು ಉಜ್ಜತೊಡಗಿದ, ಮೆಲ್ಲಗೆ, ಆಮೇಲೆ ಜೋರಾಗಿ. ಸಾಧನಕ್ಕ, ಅವತ್ತು, ಅವರ ಚಕ್ರವೂ — ಅಂದ, ಮುಖ ಎತ್ತಿದ. ಇಲ್ಲ ಅನ್ನಬೇಕು, ಈಗಲೇ, ಸ್ಪೀಡು ಅನ್ನಬೇಕು, ಮಂಜು ಅನ್ನಬೇಕು, ಎರಡು ವರ್ಷ ಎಲ್ಲರ ಬಾಯಲ್ಲಿ ಕೇಳಿದ ಮಾತು ಒಂದಾದರೂ ಬರಬೇಕಿತ್ತು, ಬಾಯಿ ತೆರೆದಿದೆ, ಮಳೆ ಬೀಳುತ್ತಿದೆ, ಅವನು ಅವಳ ಮುಖ ನೋಡುತ್ತಲೇ ಉಜ್ಜುತ್ತಿದ್ದಾನೆ, ಹೋಗುತ್ತಿಲ್ಲ, ಬಿಳಿಯ ಮೇಲೆ ಓರೆಯಾಗಿ, ಬೈರಾಸಿನ ಅಡಿಯಿಂದ ಮತ್ತೆ ಮತ್ತೆ, ಆ ಕಪ್ಪು ಗೆರೆ.