ಊರಿಗೆಲ್ಲ ಎಕ್ಸಲೆಂಟ್

ಮೇಷ್ಟ್ರ ಹೆಂಡತಿ ಹೂವಿನ ರಾಶಿಯನ್ನು ಸರಿಸಿ ಗಂಡನ ಮುಖ ಕಾಣುವಂತೆ ಮಾಡುತ್ತಿದ್ದಾಗಲೇ ಡಾಕ್ಟರಮ್ಮ ಬಂದು ಆಕೆಯ ಕೈ ಹಿಡಿದುಕೊಂಡು ಅತ್ತಳು.

"ಸ್ಕೂಲಲ್ಲಿ ಮೇಷ್ಟ್ರು ನನಗೆ ‘ಬ್ರಿಲಿಯಂಟ್’ ಅಂದಿದ್ರು ಅಮ್ಮ. ಆ ಒಂದು ಮಾತೇ ನನ್ನನ್ನ ಡಾಕ್ಟರ್ ಮಾಡ್ತು."

"ನನಗೆ ‘ಎಕ್ಸಲೆಂಟ್’," ಎಂದ ಹಿಂದೆ ನಿಂತಿದ್ದ ವಕೀಲ, ಸರದಿ ಕಾಯಲಾರದೆ.

ಬೆಳಗಿನಿಂದ ಇದೇ ಆಗಿತ್ತು. ಇಂಗ್ಲಿಷ್ ಮೇಷ್ಟ್ರು ಶಾಲೆಯಲ್ಲಿ ಹಂಚಿದ ಹೊಗಳಿಕೆಯೆಲ್ಲ ಸಾಲುಗಟ್ಟಿ ಮನೆಗೆ ಬಂದಿತ್ತು. ಆಕೆ ತಲೆಯಾಡಿಸುತ್ತಿದ್ದಳು; ಹೊಟ್ಟೆ ಮಾತ್ರ ಉರಿಯುತ್ತಿತ್ತು. ಸತ್ತ ಗಂಡನ ಮುಂದೆ ಕೂತು ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎನಿಸಿತು. ಆದರೂ ಕಿಚ್ಚು ಆರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಇವರನ್ನು ನೋಡಿಯೇ ಕಟ್ಟಿದ್ದಿರಬೇಕು. ಅಡುಗೆ ಹೇಗಿದೆ ಎಂದರೆ ‘ಪರವಾಗಿಲ್ಲ’. ಕಣ್ಣು ಕೆಂಪಾಗುವಂತೆ ಕೂತು ಹೊಲಿದ ಕಿಟಕಿ ಪರದೆಗೂ ‘ಪರವಾಗಿಲ್ಲ’.

*

ಹಿಂದೊಮ್ಮೆ ಒಂದು ಸಂಜೆ ಗಂಡ ಪೇಪರು ತಿದ್ದುತ್ತಿದ್ದಾಗ ಆಕೆ ಬಾಯಿಬಿಟ್ಟು ಕೇಳಿಯೇ ಬಿಟ್ಟಿದ್ದಳು.

"ರೀ, ನನಗೂ ಒಂದು ಒಳ್ಳೇ ಮಾತು ಹೇಳಬಾರದಾ?"

ಆತ ಪಾಠಕ್ಕೇ ನಿಂತ. "ನೋಡು, ‘ಪ್ರೇಸ್’ ಅಂದ್ರೆ ಕೆಲಸ ಚೆನ್ನಾಗಿದ್ರೆ ಮೆಚ್ಚೋದು. ‘ಕಾಂಪ್ಲಿಮೆಂಟ್’ ಅಂದ್ರೆ ಎದುರಿಗಿರೋರಿಗೆ ಖುಷಿಯಾಗ್ಲಿ ಅಂತ ಹೇಳೋದು. ‘ಫ್ಲ್ಯಾಟರಿ’ ಅಂದ್ರೆ ಬೆಣ್ಣೆ ಹಚ್ಚೋದು, ಬರೀ ಸುಳ್ಳು. ನಿನಗೆ ಯಾವುದು ಬೇಕು?"

"ಆ ಸುಳ್ಳೇ ಆಗ್ಲಿ ಕೊಡಿ, ಒಂದು ಸಲ."

ಆತ ಜೋರಾಗಿ ನಕ್ಕ. ನಕ್ಕು, ಮತ್ತೆ ತಲೆ ಬಗ್ಗಿಸಿ, ಯಾರದೋ ಪೇಪರಿನ ಅಂಚಿನಲ್ಲಿ ‘ವಂಡರ್‌ಫುಲ್’ ಎಂದು ಬರೆದ.

*

ಶವವನ್ನು ವ್ಯಾನಿಗೆ ಏರಿಸಿದರು. ಆಕೆಯ ತಂಗಿ, ಡಾಕ್ಟರಮ್ಮನ ಕಾರಿನ ಬಾಗಿಲು ತೆರೆದು ಹಿಡಿದಿದ್ದಳು. "ಬಾ ಅಕ್ಕ, ಇದರಲ್ಲಿ ಆರಾಮಾಗಿ ಹೋಗೋಣ."

ವ್ಯಾನಿನ ಡ್ರೈವರ್ ಹಿಂಬಾಗಿಲು ಹಾಕಿ ಕಣ್ಣೊರೆಸಿಕೊಂಡ. ತಲೆ ಅರ್ಧ ನರೆತಿದ್ದ ಮನುಷ್ಯ.

"ನೀನೂ ಅವರ ಶಿಷ್ಯನಾ?" ಎಂದಳು ಆಕೆ. ಇವನದೂ ಕೇಳಿ ಮುಗಿಸಿಬಿಡೋಣ ಎಂದುಕೊಂಡಳು. "ನಿನಗೇನಂದಿದ್ರು?"

"ನನಗಾ?" ಅವನು ಮುದುಡಿದ. "ನನಗೇನೂ ಅಂದಿಲ್ಲಮ್ಮ. ಕೊನೇ ಬೆಂಚು ನಂದು. ಒಂದೇ ಒಂದು ಸಲ ‘ಗುಡ್’ ಅಂತಾರೇನೋ ಅಂತ ವರ್ಷವೆಲ್ಲ ಕಾದೆ. ಆ ಡಾಕ್ಟರಮ್ಮನ್ನ ಕಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ತಪ್ಪು ತಿಳ್ಕೋಬೇಡಿ."

ಬೆಳಗಿನಿಂದ ಒಣಗಿದ್ದ ಆಕೆಯ ಕಣ್ಣು ತುಂಬಿ ಬಂತು.

"ಅಕ್ಕ, ಕಾರು ಇಲ್ಲಿದೆ!" ತಂಗಿ ಕೂಗಿದಳು.

ಆಕೆ ವ್ಯಾನಿನ ಮುಂದಿನ ಸೀಟು ಹತ್ತಿ, ಡ್ರೈವರನ ಪಕ್ಕ ಕೂತು, ಬಾಗಿಲನ್ನು ತಾನೇ ಎಳೆದು ಹಾಕಿಕೊಂಡಳು.